ಬೀಡಿ ನೂಲು ಕಟ್ಟಿದ ಗಿಡಗಳು

“ಟೀಚರ್, ನಿಮ್ಮ ಮಕ್ಕಳು ಎಲ್ಲಿ?”

ಹೆಡ್ಮಾಸ್ಟರರು ಬಾಗಿಲಲ್ಲಿ ನಿಂತು ಕೇಳಿದಾಗ ನಾನು ಚಾಕ್ ಪೆಟ್ಟಿಗೆ ಹುಡುಕುತ್ತಿದ್ದೆ. ಬೆಂಚುಗಳೆಲ್ಲ ಖಾಲಿ. ಐದು ಮತ್ತು ಆರನೇ ತರಗತಿಯ ಮಕ್ಕಳು ಅಂಗಳದಲ್ಲಿ ಗೋಣಿ ಕೊಪ್ಪೆ ಹಾಕಿಕೊಂಡು, ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡುತ್ತಿದ್ದರು.

“ಹೊರಗೆ ಇದ್ದಾರೆ ಸರ್. ನೀರು ಹೋಗುವ ದಾರಿ ನೋಡ್ತಾ ಇದ್ದಾರೆ.”

“ಪಾಠ?”

“ಅದೇ ಪಾಠ.”

ಅವರಿಗೆ ಸಿಟ್ಟು ಬರಲಿಲ್ಲ. ಒಳ್ಳೆಯ ಮನುಷ್ಯ, ದಣಿದಿದ್ದರು ಅಷ್ಟೆ. “ನೋಡಿ ಟೀಚರ್, ಇಲ್ಲಿ ಮಕ್ಕಳು ಶಾಲೆಗೆ ಬರುದೇ ದೊಡ್ಡ ವಿಷಯ. ಐದನೆ ಆದ ಕೂಡಲೆ ಹೆಣ್ಣುಮಕ್ಕಳನ್ನು ಬೀಡಿ ಕಟ್ಲಿಕ್ಕೆ ಕೂರಿಸ್ತಾರೆ. ಆಡಿಸಿದ್ದು ಕಂಡರೆ ಇವತ್ತೇ ಕರ್ಕೊಂಡು ಹೋಗ್ತಾರೆ, ಆಯ್ತಾ?”

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲವದು. ಮೂಡಬಿದಿರೆಯ ಬಳಿಯ ಶಾಲೆಯೊಂದರಿಂದ ನನಗೆ ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದು ಮುಕ್ಕಾಲು ಗಂಟೆ ನಡೆಯಬೇಕಾದ ಈ ಶಾಲೆಗೆ ವರ್ಗವಾಗಿತ್ತು. ಶಾಲೆ ಇದ್ದದ್ದು ಪದವಿನ ಅಂಚಿನಲ್ಲಿ. ಪದವೆಂದರೆ ನಮ್ಮ ಕಡೆಯ ಬೋಳು ಮುರಕಲ್ಲಿನ ಎತ್ತರದ ಬಯಲು. ಒಂದು ಮರವಿಲ್ಲ, ಗಾಳಿಗೆ ತಡೆಯಿಲ್ಲ. ಹಂಚಿನ ಹಳೇ ಕಟ್ಟಡದಲ್ಲಿ ಜಾಗ ಸಾಲದೆ ಪಕ್ಕಕ್ಕೆ ಸೂರಿನಂತೆ ಒಂದು ಮಾಡು ಇಳಿಸಿ ಮುಳಿಹುಲ್ಲು ಹೊದೆಸಿದ್ದರು. ನನ್ನ ತರಗತಿ ಅದರಡಿಯಲ್ಲಿ. ಆ ಮಾಡು ಎಷ್ಟು ತಗ್ಗಾಗಿತ್ತೆಂದರೆ ನಾನು ಓಡಾಡುತ್ತಾ ಪಾಠ ಮಾಡುವಾಗ ದಿನಕ್ಕೆ ಎರಡು ಸಲವಾದರೂ ತಲೆಗೆ ಅಡಿಕೆಮರದ ರೀಪು ತಾಗುತ್ತಿತ್ತು. ಕುಳಿತು ಪಾಠ ಮಾಡುವುದು ನನ್ನಿಂದ ಆಗದ ಕೆಲಸ. ಚಿಕ್ಕಂದಿನಿಂದಲೂ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ, ನಾಲಗೆಯೂ ಅಷ್ಟೆ. ಈ ಎರಡನೆಯದರಿಂದಲೇ ಆ ವರ್ಷ ನಾನು ಕೆಟ್ಟದ್ದು.

ಹೆಡ್ಮಾಸ್ಟರರು ಹೇಳಿದ ಬೀಡಿಯ ಮಾತು ಸುಳ್ಳಲ್ಲ. ಜೂನ್ ಮೊದಲ ವಾರದಲ್ಲೇ ಆರನೇ ತರಗತಿಗೆ ಬರಬೇಕಾದ ಒಬ್ಬ ಹುಡುಗಿ ಬಂದಿರಲಿಲ್ಲ. ನಾನು ಮನೆ ಹುಡುಕಿಕೊಂಡು ಹೋದೆ. ತಾಯಿ ಜಗಲಿಯಲ್ಲಿ ಕಾಲು ನೀಡಿ, ಮಡಿಲಲ್ಲಿ ಮೊರದಂಥ ತಡಪೆಯಿಟ್ಟು ಬೀಡಿ ಕಟ್ಟುತ್ತಿದ್ದರು. ತಲೆ ಎತ್ತದೆ ಮಾತಾಡಿದರು. ಬೆರಳು ನಿಂತರೆ ಸಂಜೆಗೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಬೇಕಾದ ಕಟ್ಟು ಮುಗಿಯುವುದಿಲ್ಲ. ಮಗಳು ಪಕ್ಕದಲ್ಲಿ ಕುಳಿತು ಎಲೆ ಕತ್ತರಿಸುತ್ತಿದ್ದಳು. ನಾನು ಒಂದೂವರೆ ಗಂಟೆ ಕದಲಲಿಲ್ಲ. ಏಳನೆ ಪಾಸಾಗುವವರೆಗಾದರೂ ಬಿಡಿಸಬೇಡಿ ಎಂದೆ. ಕೊನೆಗೆ ತಾಯಿ, “ಆಯ್ತು ಟೀಚರೇ, ನಿಮ್ಮ ಮುಖ ನೋಡಿ ಕಳಿಸ್ತೇನೆ” ಎಂದರು. ಗೆದ್ದ ಹೆಮ್ಮೆಯಲ್ಲಿ ನಾನು ದಾಪುಗಾಲು ಹಾಕಿ ಬಂದೆ.

ಹುಡುಗಿ ಬಂದಳು, ಆದರೆ ಮಾಡಿನಡಿ ಕುಳಿತರೆ ಅವಳ ಬಾಯಿಗೆ ಬೀಗ. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ; ಎರಡರ ನಡುವೆ ಅವಳು ಸುಮ್ಮನಾಗಿಬಿಡುತ್ತಿದ್ದಳು. ಅವಳೊಬ್ಬಳೇ ಅಲ್ಲ, ಅರ್ಧ ತರಗತಿ ಹಾಗೆಯೇ. ಮಕ್ಕಳನ್ನು ಹೊರಗೆ ತರುವ ಹುಚ್ಚು ನನಗೆ ಹತ್ತಿದ್ದು ಇದಕ್ಕಾಗಿ. ಸುಮ್ಮನೆ ಹೊರಗೆ ನಿಲ್ಲಿಸಿದರೆ ಆಟ ಎನ್ನುತ್ತಾರೆ. ಕೈಗೊಂದು ಕೆಲಸ ಬೇಕು. ಗಿಡ ನೆಡುವ ಎಂದು ನಿರ್ಧರಿಸಿದೆ.

ನಮ್ಮ ಶಾಲೆಯಲ್ಲಿ ವನಮಹೋತ್ಸವ ಪ್ರತಿವರ್ಷವೂ ಇತ್ತು. ಧ್ವಜಕಂಬದ ಸುತ್ತ ನಾಲ್ಕು ಗಿಡ ನೆಡುವುದು, ಚಪ್ಪಾಳೆ ತಟ್ಟುವುದು, ಮಿಠಾಯಿ ಹಂಚುವುದು. ಸೆಪ್ಟೆಂಬರ್ ಹೊತ್ತಿಗೆ ಗಿಡಗಳೂ ಇಲ್ಲ, ನೆನಪೂ ಇಲ್ಲ. ನನಗೆ ಅದು ಬೇಡವಿತ್ತು. ಬೆಳ್ತಂಗಡಿ ಕಡೆಯ ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ಅಲ್ಲಿಯ ವಾಚರರ ಬೆನ್ನು ಹತ್ತಿದೆ. “ಇಷ್ಟು ಗಿಡ ನಿಮಗೆ ಯಾಕೆ ಟೀಚರ್, ಸಾಯಿಸ್ಲಿಕ್ಕಾ?” ಎಂದು ಅವರು ತಮಾಷೆ ಮಾಡಿದರೂ ನೇರಳೆ, ನೆಲ್ಲಿ, ಹೊನ್ನೆ ಎಲ್ಲ ಸೇರಿ ಅರವತ್ತು ಗಿಡ ಕೊಟ್ಟರು. ತಲೆಗೊಂದರಂತೆ ಲೆಕ್ಕ ಹಾಕಿ ಉಳಿದದ್ದು ನಾಲ್ಕು. ಇಲಾಖೆಯ ಜೀಪು ಕೂಡುರಸ್ತೆಯವರೆಗೆ ಬಂತು. ಅಲ್ಲಿಂದ ಮಕ್ಕಳು ತಲೆಯ ಮೇಲೆ ಹೊತ್ತು ತಂದರು.

ಎಲ್ಲಿ ನೆಡುವುದು ಎಂದು ನಾನು ಮೂರು ದಿನ ಪದವು ಸುತ್ತಿದೆ. ಮೇಲೆಲ್ಲ ಬರೀ ಕಲ್ಲು, ಪಿಕ್ಕಾಸು ಹೊಡೆದರೆ ಕಿಡಿ. ಶಾಲೆಯ ಹಿಂದಿನ ಇಳಿಜಾರಿನಲ್ಲಿ ಮಾತ್ರ ಎಳೆ ಮುಳಿಹುಲ್ಲು ಒತ್ತಾಗಿ ಎದ್ದಿತ್ತು. ಹುಲ್ಲಿದ್ದಲ್ಲಿ ಮಣ್ಣಿರಲೇಬೇಕು. ಅಗೆದು ನೋಡಿದೆ, ಒಂದು ಮೊಳ ಇತ್ತು. ಜಾಗ ಸರಕಾರದ್ದು, ಯಾರ ಸ್ವಂತ ವರ್ಗಜಾಗವೂ ಅಲ್ಲ ಎಂದು ಗ್ರಾಮ ಚಾವಡಿಯ ಉಗ್ರಾಣಿಯನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಕಾಗದಪತ್ರದ ಮಟ್ಟಿಗೆ ನಾನು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ.

ಗುಂಡಿಗಳ ಕೆಲಸ ಎರಡು ವಾರ ಹಿಡಿಯಿತು. ದೊಡ್ಡವರು ಪಿಕ್ಕಾಸಿನಲ್ಲಿ ಮುರ ಸಡಿಲಿಸುವುದು, ಚಿಕ್ಕವರು ತೆಂಗಿನ ಚಿಪ್ಪಿನಲ್ಲಿ ತೆಗೆಯುವುದು. ಒಂದೂವರೆ ಅಡಿ ಆಳ, ಅಷ್ಟೇ ಅಗಲ. ಕೋಲಿನಲ್ಲಿ ಅಳೆದು ಪಾಸು ಮಾಡುತ್ತಿದ್ದೆ. ಕೆಳಗೆ ನೀರು ಹರಿಯುವ ತೋಡಿನ ಬದಿಯ ಮಣ್ಣನ್ನು ಕೈಯಿಂದ ಕೈಗೆ ಬುಟ್ಟಿ ದಾಟಿಸಿ ಮೇಲೆ ತಂದೆವು. ಗಿಡದ ಪ್ಲಾಸ್ಟಿಕ್ ತೊಟ್ಟೆ ಸೀಳಲು ಬ್ಲೇಡು ಸಾಲದಿದ್ದಾಗ ಹುಡುಗಿಯರು ಮನೆಯಿಂದ ಬೀಡಿ ಕತ್ತರಿ ತಂದರು. ಯಾರ ಗಿಡ ಯಾವುದೆಂಬ ಜಗಳ ಶುರುವಾದಾಗ, ಬಾಯಿಗೆ ಬೀಗ ಹಾಕಿಕೊಂಡಿದ್ದ ಆ ಹುಡುಗಿ ಲಂಗದ ಮಡಿಕೆಯಿಂದ ಬೀಡಿ ಕಟ್ಟುವ ಗುಲಾಬಿ ನೂಲು ತೆಗೆದು ತನ್ನ ನೇರಳೆಗೆ ಕಟ್ಟಿದಳು. ಮರುದಿನ ಎಲ್ಲರ ಗಿಡಕ್ಕೂ ನೂಲು ಬಿತ್ತು. ಗುಲಾಬಿ, ಹಸಿರು, ಹಳದಿ, ಅವರವರ ಮನೆ ಯಾವ ಬ್ರಾಂಚಿಗೆ ಕಟ್ಟುತ್ತದೋ ಆ ಬಣ್ಣ.

ನೂಲಿನಿಂದಲೇ ನನಗೆ ಗಣಿತ ಸಿಕ್ಕಿತು. ಪ್ರತಿ ಶನಿವಾರ ಇನ್ನೊಂದು ತುಂಡು ನೂಲಿನಲ್ಲಿ ಗಿಡದ ಎತ್ತರ ಹಿಡಿಯುವುದು, ಆ ನೂಲನ್ನು ಸ್ಕೇಲಿನ ಮೇಲಿಟ್ಟು ಅಳೆಯುವುದು, ಕಳೆದ ವಾರದ್ದನ್ನು ಕಳೆಯುವುದು, ಎಲ್ಲ ಕೂಡಿಸಿ ಸರಾಸರಿ ತೆಗೆಯುವುದು. ಮಾಡಿನಡಿ ವಾರಗಟ್ಟಲೆ ತಿಣುಕಿದರೂ ಹತ್ತದ ಸರಾಸರಿ ಇಳಿಜಾರಿನಲ್ಲಿ ಎರಡು ಶನಿವಾರಕ್ಕೆ ಹತ್ತಿತು. ಆಗಸ್ಟಿನ ಒಂದು ದಿನ ಆ ಹುಡುಗಿ ತಾನಾಗಿ ನನ್ನ ಸೆರಗು ಎಳೆದು, ತಡೆತಡೆದು, ಆದರೆ ಕನ್ನಡದಲ್ಲಿ ಹೇಳಿದಳು: “ಟೀಚರ್, ಕೆಳಗಿನ ಸಾಲಿನದ್ದು ಹೆಚ್ಚು ಬೆಳೀತದೆ. ಮೇಲಿನ ಮಣ್ಣು ಮಳೆಗೆ ಕೆಳಗೆ ಬರುದು, ಅದಕ್ಕೆ.” ನಾನು ಅಲ್ಲಿಯೇ ಅವಳನ್ನು ಎತ್ತಿ ತಿರುಗಿಸಿಬಿಟ್ಟೆ. ಅವತ್ತೇ ಮೇಲಿನ ಸಾಲಿನ ಗುಂಡಿಗಳ ಕೆಳಬದಿಗೆ ಅರ್ಧಚಂದ್ರದ ಹಾಗೆ ಕಲ್ಲು ಜೋಡಿಸಿದೆವು.

ಅಷ್ಟರಲ್ಲಿ ತಿಂಗಳ ಪರೀಕ್ಷೆ, ದಸರಾ ರಜೆ, ಬೆಳ್ತಂಗಡಿಯಲ್ಲಿ ನನಗೊಂದು ತರಬೇತಿ ಎಲ್ಲ ಒಟ್ಟಿಗೆ ಬಂತು. ಗಿಡದ ಸುತ್ತ ಹುಲ್ಲು ಕೀಳುವುದು ನಿಂತುಹೋಯಿತು. ರಜೆ ಕಳೆದು ನೋಡಿದರೆ ಹುಲ್ಲು ಮಕ್ಕಳ ಎದೆಮಟ್ಟ ಬೆಳೆದು ಎರಡೂ ಕಡೆಯಿಂದ ಗಿಡಗಳ ಮೇಲೆ ಮಗುಚಿತ್ತು. ಬಿಸಿಲಿಗೆ ಒಳ್ಳೆಯ ನೆರಳಾಯಿತು ಎಂದುಕೊಂಡೆ ನಾನು, ಬುದ್ಧಿವಂತೆ.

ದೀಪಾವಳಿ ಕಳೆದ ಮೇಲಿನ ಒಂದು ಸೋಮವಾರ ಇಳಿಜಾರು ನುಣ್ಣಗೆ ಕ್ಷೌರವಾಗಿತ್ತು. ಹುಲ್ಲಿಲ್ಲ, ಗಿಡಗಳೂ ಇಲ್ಲ. ನಮ್ಮ ಅರ್ಧಚಂದ್ರದ ಕಲ್ಲುಗಳು ಮಾತ್ರ ಸಾಲಾಗಿ ಬಿದ್ದಿದ್ದವು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು, ಮತ್ತೆ ನನ್ನ ಮುಖ. ಐದನೇ ತರಗತಿಯ ಒಂದಿಬ್ಬರು ಅತ್ತೇಬಿಟ್ಟರು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಆ ದಿನ ಪಾಠ ಮಾಡಲಾಗದೆ ಮಾಡಿನಡಿ ಅತ್ತಿಂದಿತ್ತ ನಡೆದೆ, ತಲೆಗೆ ಎಷ್ಟು ಸಲ ರೀಪು ತಾಗಿತೋ ನೆನಪಿಲ್ಲ.

ವಿಚಾರಿಸಿದಾಗ ಭಾನುವಾರ ಕತ್ತಿ ಹಿಡಿದು ಬಂದವರ ಹೆಸರುಗಳು ಸಿಕ್ಕಿದವು. ಆ ಹುಡುಗಿಯ ತಾಯಿಯೂ ಅದರಲ್ಲಿದ್ದರು. ಮಂಗಳವಾರ ಸಂಜೆ ಹೆಂಗಸರೆಲ್ಲ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ಹೊತ್ತಿಗೆ ನಾನು ದಾರಿಯಲ್ಲಿ ಕಾದು ನಿಂತೆ. ಆ ತಾಯಿ ತಲೆಯ ಮೇಲೆ ತಡಪೆ ಹೊತ್ತು ಮುಂದೆ ಬರುತ್ತಿದ್ದರು.

“ಹುಲ್ಲು ಕಡಿದದ್ದು ನೀವಾ?”

“ಹೌದು ಟೀಚರೇ.”

“ಗಿಡವನ್ನೂ ಕಡಿದಿರಲ್ಲ!”

“ಗಿಡ ಇದ್ದದ್ದು ನಾವು ನೋಡ್ಲಿಲ್ಲ.”

“ಸ್ವಂತ ಮಗಳು ನೆಟ್ಟ ಗಿಡ ಕಾಣುದಿಲ್ವಾ? ನಿಮಗೆ ಕಣ್ಣು ಉಂಟಾ, ಇಲ್ವಾ?”

ಹೇಳಿದ ಮೇಲೆ ನೋಡಿದೆ. ಚಿಮಿಣಿ ದೀಪದಲ್ಲಿ ವರ್ಷಗಟ್ಟಲೆ ಬೀಡಿ ಕಟ್ಟಿ ಅವರ ಕಣ್ಣು ಕೆಂಪಡರಿ ನೀರಾಡುತ್ತಿತ್ತು. ಹಿಂದಿದ್ದ ಏಳೆಂಟು ಹೆಂಗಸರು ನಡಿಗೆ ನಿಲ್ಲಿಸಿದರು. ಆ ತಾಯಿ ನನ್ನನ್ನು ದಾಟಿ ನಡೆದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೇಳಬೇಕಾದ್ದನ್ನೇ ಹೇಳಿದೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಬುಧವಾರ ಹುಡುಗಿ ಬರಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಹೆಡ್ಮಾಸ್ಟರರು ಹಾಜರಿ ಪುಸ್ತಕ ತಿರುವಿ, “ಹತ್ತು ದಿನ ಒಟ್ಟಿಗೆ ಬಾರದಿದ್ದರೆ ನಮ್ಮಲ್ಲಿ ಹೆಸರಿಗೆ ಕೆಂಪು ಗೆರೆ ಎಳೆಯುದು ಟೀಚರ್, ನಿಮಗೆ ಗೊತ್ತಿರಲಿ” ಎಂದರು. ಕೆಂಪು ಗೆರೆ ಬಿದ್ದ ಹೆಣ್ಣುಮಗು ಮತ್ತೆ ಬಂದದ್ದು ತನ್ನ ಸರ್ವಿಸಿನಲ್ಲಿ ಒಮ್ಮೆಯೂ ನೋಡಿಲ್ಲ ಎಂದೂ ಸೇರಿಸಿದರು. ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ.

ಶನಿವಾರ ಬೆಳಿಗ್ಗೆ ಶಾಲೆಗೆ ಬಂದರೆ ಅಂಗಳದ ತುಂಬ ಹುಲ್ಲಿನ ಸೂಡಿಗಳು. ಮಕ್ಕಳ ತಂದೆ, ಮಾವಂದಿರು ಏಣಿ ಇಟ್ಟು ನನ್ನ ತರಗತಿಯ ಹಳೇ ಹುಲ್ಲು ಕಿತ್ತು ಕೆಳಗೆ ಹಾಕುತ್ತಿದ್ದರು. ವರ್ಷಕ್ಕೊಮ್ಮೆ ಮಾಡಿಗೆ ಹೊಸ ಹುಲ್ಲು ಹೊದೆಸುವ ದಿನವಂತೆ. ಕೆಳಗಿನಿಂದ ಒಬ್ಬರು ಸೂಡಿ ಎಸೆಯುವುದು, ಮೇಲಿದ್ದವರು ಬಿಡಿಸಿ ಹರವುವುದು, ರೀಪಿಗೆ ಒತ್ತಿ ಬಳ್ಳಿಯಲ್ಲಿ ಕಟ್ಟುವುದು. ಮಕ್ಕಳಿಗೆ ಸೂಡಿ ಸಾಗಿಸುವ ಕೆಲಸ. ನಾನು ಕೈಕಟ್ಟಿ ನಿಂತಿದ್ದೆ. ಆಗ ಸಾಲಿನ ನಡುವಿನಿಂದ ಒಂದು ಕೂಗು ಬಂತು.

“ಟೀಚರ್! ನಮ್ಮ ಗಿಡ ಇದರಲ್ಲಿ ಉಂಟು!”

ಸೂಡಿಯ ನಡುವಿನಿಂದ ಒಣಗಿದ ಒಂದು ಕಡ್ಡಿ ಎಳೆದು ಹಿಡಿದಿದ್ದರು. ಅದರ ತುದಿಯಲ್ಲಿ ಹಸಿರು ನೂಲು. ಮಕ್ಕಳು ಸೂಡಿಗಳ ಮೇಲೆ ಬಿದ್ದರು. ಇದು ಹೊನ್ನೆ, ಇದು ನೆಲ್ಲಿ, ಇದು ಮೇಲಿನ ಸಾಲಿನದ್ದು ಎಂದು ಬಾಡಿದ ಎಲೆ ಹಿಡಿದೇ ಹೇಳುತ್ತಿದ್ದರು. ತಿಂಗಳುಗಟ್ಟಲೆ ವಾರವಾರ ಮುಟ್ಟಿ ನೋಡಿದ ಎಲೆಗಳವು. ಒಣಗಿದರೂ ಅವರಿಗೆ ಗುರುತು ತಪ್ಪಲಿಲ್ಲ. ಇನ್ನೊಂದು ಸಮಯವಾಗಿದ್ದರೆ ನಾನು ಕುಣಿಯುತ್ತಿದ್ದೆ.

“ಈ ಹುಲ್ಲು ಎಲ್ಲಿಯದ್ದು ಸರ್?” ಎಂದು ಹೆಡ್ಮಾಸ್ಟರರನ್ನು ಕೇಳಿದೆ.

“ಹಿಂದಿನ ಇಳಿಜಾರಿನದ್ದು. ಪ್ರತಿ ವರ್ಷ ಅಲ್ಲಿಂದಲೇ ಅಲ್ವಾ? ಮಕ್ಕಳಿರುವ ಮನೆಯವರೆಲ್ಲ ಒಂದು ಭಾನುವಾರ ಕಡಿದು ಕೊಡುದು. ಅದನ್ನು ಶಾಲೆಗೆಂದೇ ಬಿಡ್ತಾರೆ, ಬೇರೆ ಯಾರೂ ಮುಟ್ಟುದಿಲ್ಲ. ನಾನೇ ಹೇಳಿ ಕಳಿಸಿದ್ದೆ.” ಅವರು ತಡೆದರು. “ನಿಮ್ಮ ಗಿಡ ಅಲ್ಲಿಯಾ? ನೀವು ಮೇಲೆ ಬೇಲಿ ಬದಿಗೆ ನೆಟ್ಟದ್ದು ಅಂತ ನಾನು... ಮತ್ತೆ, ವನಮಹೋತ್ಸವದ ಗಿಡ ಇಷ್ಟು ದಿನ ಬದುಕ್ತದೆ ಅಂತ ಯಾರಿಗೆ ಗೊತ್ತು ಮಾರಾಯ್ರೆ?”

ನಾನು ತಲೆಯೆತ್ತಿ ಮಾಡು ನೋಡಿದೆ. ಜೂನ್ ತಿಂಗಳಿಂದ ನನ್ನ ತಲೆಗೆ ದಿನಕ್ಕೆರಡು ಸಲ ತಾಗುತ್ತಿದ್ದ ಮಾಡು. ಅದರ ಹುಲ್ಲು ಎಲ್ಲಿಂದ ಬಂತೆಂದು ಒಂದು ಸಲವೂ ನನಗೆ ಕೇಳಬೇಕೆನಿಸಿರಲಿಲ್ಲ. ಮಳೆನೀರು ಎಲ್ಲಿಂದ ಬಂತು ಹೇಳಿ ಎಂದು ಮಕ್ಕಳನ್ನು ಪೀಡಿಸಿದವಳು ನಾನು! ನನ್ನ ತರಗತಿ ಸೋರಬಾರದೆಂದು ಒಂದು ದಿನದ ಬೀಡಿ ಬಿಟ್ಟು ಬಂದು ಹುಲ್ಲು ಕಡಿದ ಹೆಂಗಸಿಗೆ ಕಣ್ಣಿಲ್ಲವೇ ಎಂದು ಕೇಳಿದ್ದೆ. ನಾಚಿಕೆಯಿಂದ ನನಗೆ ಅಂಗಳದಲ್ಲಿ ನಿಲ್ಲಲಾಗಲಿಲ್ಲ, ಬಾವಿಕಟ್ಟೆಯ ಹಿಂದೆ ಹೋಗಿ ಅತ್ತೆ.

ಮೊದಲು ಅವರ ಮನೆಗೆ ಓಡಬೇಕೆನಿಸಿತು. ಅರ್ಧ ದಾರಿ ಹೋದವಳು ನಿಂತೆ. ಬೈದದ್ದು ದಾರಿಯಲ್ಲಿ, ನಾಲ್ಕು ಜನರ ಮುಂದೆ. ಕ್ಷಮೆ ಕೇಳುವುದು ಜಗಲಿಯ ಮರೆಯಲ್ಲಾದರೆ ಅದು ಅರ್ಧ ಕ್ಷಮೆ. ಬಂದಷ್ಟೇ ಬೇಗ ಹಿಂದಿರುಗಿದೆ. ಮಂಗಳವಾರದವರೆಗೆ ಕಾಯುವುದು ನನ್ನಂಥವಳಿಗೆ ಸಣ್ಣ ಶಿಕ್ಷೆಯಲ್ಲ.

ಮಂಗಳವಾರ ಸಂಜೆ, ಅದೇ ದಾರಿ, ಅದೇ ಹೆಂಗಸರು. ನನ್ನನ್ನು ಕಂಡು ಅವರ ನಡಿಗೆ ನಿಧಾನವಾಯಿತು. ಟೀಚರ್ ಆದ ಮೇಲೆ ಊರವರೊಡನೆ ನಾನು ಕನ್ನಡದಲ್ಲೇ ಮಾತಾಡುತ್ತಿದ್ದೆ. ಹಾಗೆ ಮಾತಾಡಿದರೆ ಗೌರವ ಎಂಬ ಒಂದು ಭ್ರಮೆ. ಅವತ್ತು ನನ್ನ ಮನೆಯ ಮಾತು ತುಳುವೇ ಬಂತು.

“ಎನ್ನ ತಪ್ಪಾಂಡ್ ಅಕ್ಕ,” ಎಂದೆ. ನನ್ನದು ತಪ್ಪಾಯಿತು. ಹುಲ್ಲು ಯಾರಿಗಾಗಿ ಕಡಿದದ್ದೆಂದು ಗೊತ್ತಿಲ್ಲದೆ ಬಾಯಿಗೆ ಬಂದ ಹಾಗೆ ಮಾತಾಡಿದೆ, ನಿಮ್ಮನ್ನೆಲ್ಲ ಕೇಳದೆ ಅಲ್ಲಿ ನೆಟ್ಟದ್ದೇ ಮೊದಲ ತಪ್ಪು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ತಾಯಿ ತಡಪೆ ಇಳಿಸಿ ಸೊಂಟಕ್ಕೆ ಇಟ್ಟುಕೊಂಡರು. “ಅವಳು ಆ ಸೋಮವಾರ ರಾತ್ರಿಯೇ ಹೇಳಿದ್ದಳು, ಅಮ್ಮ ನನ್ನ ನೇರಳೆಯೂ ಹೋಯ್ತು ಅಂತ. ನನಗೆ ಆ ಮಾತೇ ಸಾಕಿತ್ತು ಟೀಚರೇ. ಮರುದಿನ ನಿಮ್ಮ ಮಾತೂ ಆಯ್ತು.”

“ಅವಳನ್ನು ಕಳಿಸಿ ಅಕ್ಕ.”

“ಈಗ ಅವಳೂ ಕಟ್ತಾಳೆ. ಬ್ರಾಂಚಿನಿಂದ ಇಬ್ಬರ ಎಲೆ ತಂದಾಗಿದೆ.” ತಡಪೆಯಲ್ಲಿದ್ದ ಕಟ್ಟುಗಳನ್ನು ಸರಿಮಾಡಿದರು. “ನೋಡುವ.”

ನಮ್ಮ ಕಡೆ ‘ನೋಡುವ’ ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಆದರೆ ಅವರು ನೇರ ಹೋಗಲಿಲ್ಲ. ನನ್ನನ್ನು ಇಳಿಜಾರಿಗೆ ಕರೆದುಕೊಂಡು ಹೋಗಿ ಬಗ್ಗಿ, ಕಡಿದ ಹುಲ್ಲಿನ ಬುಡ ಸವರುತ್ತಾ ಹುಡುಕಿದರು. ಕಣ್ಣಿಗಿಂತ ಬೆರಳಲ್ಲೇ ಹೆಚ್ಚು ನೋಡುತ್ತಿದ್ದರು. “ಇಕೊಳ್ಳಿ. ಬುಡ ಉಂಟು. ನಾವು ಬೇರು ಕೀಳುದಿಲ್ಲ. ನೀರು ಕೊಟ್ಟರೆ ನೇರಳೆ, ನೆಲ್ಲಿ ಚಿಗುರ್ತದೆ. ಇನ್ನು ಹೊಸತು ನೆಡುದಾದರೆ ಆಚೆ ಅಗಳಿನ ಬದಿಗೆ ನೆಡಿ. ಅಲ್ಲಿಯ ಹುಲ್ಲು ಮಾಡಿಗೆ ಆಗುದಿಲ್ಲ, ಯಾರೂ ಬರುದಿಲ್ಲ.” ಇಷ್ಟು ಹೇಳಿ ತಡಪೆ ತಲೆಗೇರಿಸಿ ಬೇಗ ಬೇಗ ಹೊರಟುಹೋದರು, ಬ್ರಾಂಚ್ ಮುಚ್ಚುವ ಹೊತ್ತಾಗಿತ್ತು.

ಬುಧವಾರದಿಂದ ಮಕ್ಕಳು ಬರುವಾಗ ತೋಡಿನಿಂದ ಚೆಂಬು, ತಂಬಿಗೆಗಳಲ್ಲಿ ನೀರು ತರತೊಡಗಿದರು. ಬುಡಗಳನ್ನು ಹುಡುಕಿ, ಒಂದೊಂದಕ್ಕೆ ಒಂದು ಚೆಂಬು. ಅರ್ಧದಷ್ಟೂ ಸಿಗಲಿಲ್ಲ. ಹಾಜರಿ ಕರೆಯುವಾಗ ನಾನು ಆ ಹೆಸರನ್ನು ಎರಡೆರಡು ಸಲ ಕರೆದೆ. ಬುಧವಾರ ಇಲ್ಲ, ಗುರುವಾರ ಇಲ್ಲ. ಶುಕ್ರವಾರ ಅವಳ ಮನೆಯ ದಾರಿಯ ತಿರುವಿನವರೆಗೆ ಎರಡು ಸಲ ಹೋಗಿ ಬಂದೆ. ಒತ್ತಾಯಿಸಲು ನನಗೀಗ ಯಾವ ಮುಖವೂ ಇರಲಿಲ್ಲ.

ಶನಿವಾರ ಹತ್ತನೆಯ ದಿನ. ಕೆಂಪು ಶಾಯಿಯ ಪೆನ್ನು ಹೆಡ್ಮಾಸ್ಟರರ ಮೇಜಿನ ಮೇಲೆ ಕಂಡು ನಾನು ಮುಖ ತಿರುಗಿಸಿಕೊಂಡು ಮಕ್ಕಳನ್ನು ಇಳಿಜಾರಿಗೆ ಹೊರಡಿಸಿದೆ. ಅಲ್ಲಿ ನಮಗಿಂತ ಮೊದಲೇ ಯಾರೋ ಕುಳಿತಿದ್ದರು. ಪಕ್ಕದಲ್ಲಿ ಒಂದು ಚೆಂಬು ನೀರು, ಮತ್ತೆ ಮರಕೋಲುಗಳ ಒಂದು ಹೊರೆ. ಪ್ರತಿ ಕೋಲಿನ ತುದಿಗೂ ಹಸಿ ಸೊಪ್ಪಿನ ಗೊಂಚಲು ಕಟ್ಟಿತ್ತು.

“ಇದು ಎಂತದು?” ಎಂದೆ.

“ಸೊಪ್ಪು ಕಟ್ಟಿದ ಕೋಲು ಟೀಚರ್. ಇದನ್ನು ಊರಿದಲ್ಲಿ ಯಾರೂ ಕತ್ತಿ ಹಾಕುದಿಲ್ಲ. ಅಮ್ಮ ಕೊಟ್ಟು ಕಳಿಸಿದ್ದು.”

“ಇದು ನಿನಗೆ ಮೊದಲೇ ಗೊತ್ತಿತ್ತಾ?”

“ಎಲ್ಲರಿಗೂ ಗೊತ್ತುಂಟು.”

ಮಕ್ಕಳ ಕಡೆ ತಿರುಗಿದೆ. ಐವತ್ತಕ್ಕಿಂತ ಹೆಚ್ಚು ತಲೆಗಳು ಹೌದೆಂದು ಆಡಿದವು.

“ಮತ್ತೆ ಯಾರೂ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ,” ಎಂದಳು ಅವಳು. ದೂರಿನ ಧ್ವನಿಯಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೆ.

ನಾನು ಶಾಲೆಗೆ ಓಡಿದೆ. ಏದುಸಿರು ಬಿಡುತ್ತಾ ಮೇಜಿನಿಂದ ಹಾಜರಿ ಪುಸ್ತಕ ಎತ್ತಿಕೊಂಡೆ.

“ಎಲ್ಲಿಗೆ ಟೀಚರ್?”

“ಅವಳು ಬಂದಿದ್ದಾಳೆ ಸರ್. ಹಾಜರಿ ಹಾಕ್ಬೇಕು.”

“ತರಗತಿಯಲ್ಲಿ ಇಲ್ಲದವಳಿಗೆ ಹಾಜರಿ ಹೇಗೆ ಹಾಕ್ತೀರಿ?”

“ತರಗತಿ ಅಲ್ಲಿ ಉಂಟು ಸರ್.”

ಅವರು ಎದ್ದು ಹಿಂಬಾಗಿಲವರೆಗೆ ಬಂದು ಇಳಿಜಾರನ್ನು ನೋಡಿದರು. ಬಗ್ಗಿದ ಬೆನ್ನುಗಳು, ಅಲ್ಲಲ್ಲಿ ಹಸಿರು ಗೊಂಚಲು ಹೊತ್ತು ಏಳುತ್ತಿದ್ದ ಕೋಲುಗಳು. ಮೇಜಿಗೆ ಮರಳಿ ಕೆಂಪು ಪೆನ್ನನ್ನು ಡ್ರಾಯರಿಗೆ ಹಾಕಿ, ತಮ್ಮ ಕಿಸೆಯ ನೀಲಿ ಪೆನ್ನು ನನಗೆ ಕೊಟ್ಟರು.

ಇಳಿಜಾರಿನಲ್ಲಿ ನಿಂತು, ಗಾಳಿಗೆ ಹಾರುವ ಪುಟಗಳನ್ನು ಮೊಣಕೈಯಿಂದ ಒತ್ತಿ ಹಿಡಿದು, ಒಂದೊಂದೇ ಹೆಸರು ಕರೆದೆ. ಅವಳದ್ದು ಬಂದಾಗ ಅವಳು ನೇರಳೆಯ ಬುಡಕ್ಕೆ ಗುಲಾಬಿ ನೂಲು ಸುತ್ತುತ್ತಿದ್ದಳು.

“ಹಾಜರ್ ಟೀಚರ್,” ಎಂದಳು, ತಲೆ ಎತ್ತದೆ. ಮತ್ತೆ, “ಸೋಮವಾರದಿಂದ ಬೆಳಿಗ್ಗೆ ಮಾತ್ರ ಬರ್ತೇನೆ. ಮಧ್ಯಾಹ್ನದ ಮೇಲೆ ಕಟ್ಲಿಕ್ಕೆ ಉಂಟು.”

“ಆಯ್ತು,” ಎಂದೆ. ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ಆಗಲಿಲ್ಲ. ಪುಸ್ತಕವನ್ನು ಕಂಕುಳಲ್ಲಿ ಇರುಕಿ ಒಂದು ಕೋಲು ತೆಗೆದು ಅವಳ ಗಿಡದ ಪಕ್ಕ ಹಿಡಿದು ನಿಂತೆ. ಅವಳು ಕಲ್ಲಿನಿಂದ ಅದರ ತಲೆಗೆ ಎರಡು ಪೆಟ್ಟು ಹಾಕಿ, ಹಿಂದೆ ಸರಿದು ನೋಡಿದಳು.

“ಓರೆ ಆಯ್ತು ಟೀಚರ್. ನೆಟ್ಟಗೆ ಹಿಡೀರಿ. ಆಚೆ ಈಚೆ ಆಡ್ಬೇಡಿ.”

ನಾನು ಆಡದೆ ಹಿಡಿದೆ.